ಎಂಎಂಯು ಆನ್ ಮಾಡಿದ ಕೂಡಲೇ ಬೋರ್ಡ್ ನಿಂತುಹೋದರೆ: ಸಣ್ಣ ಕರ್ನೆಲ್‌ಗೆ ವರ್ಚುವಲ್ ಅಡ್ರೆಸ್ ಸ್ಪೇಸ್ ಕಟ್ಟುವ ಕ್ರಮ

ಶನಿವಾರ ಸಂಜೆ ಟಿಳಕವಾಡಿಯ ನಮ್ಮ ರೂಮಿಗೆ ಬರುವ ಹುಡುಗರು ಹೇಳುವ ಮಾತು ಹೆಚ್ಚುಕಡಿಮೆ ಒಂದೇ. "ಸರ್, ಎಂಎಂಯು ಆನ್ ಮಾಡೂತನಕ ಎಲ್ಲಾ ಬರೋಬ್ಬರಿ ಐತ್ರಿ. ಆಮ್ಯಾಲೆ ಸ್ಕ್ರೀನ್ ಮ್ಯಾಲೆ ಏನೂ ಬರವಲ್ದು." ಎಂಎಂಯು ಅಂದರೆ ಪ್ರೋಗ್ರಾಮ್ ಬಳಸುವ ವರ್ಚುವಲ್ ಅಡ್ರೆಸ್ ಅನ್ನು, ಪೇಜ್ ಟೇಬಲ್ ಅನ್ನುವ ಪಟ್ಟಿ ನೋಡಿ, ನಿಜವಾದ ಫಿಸಿಕಲ್ ಅಡ್ರೆಸ್‌ಗೆ ಬದಲಿಸುವ ಹಾರ್ಡ್‌ವೇರ್. ಇವರೆಲ್ಲ ಪರೀಕ್ಷೆಯಲ್ಲಿ ಪೇಜಿಂಗ್ ಲೆಕ್ಕ ತಪ್ಪಿಲ್ಲದೆ ಬಿಡಿಸಿದವರು. ಬಿಟ್ ಫೀಲ್ಡ್‌ಗಳು ಬಾಯಿಪಾಠ. ಆದರೂ ಬೋರ್ಡ್ ಹ್ಯಾಂಗ್ ಆಗುತ್ತದೆ, ಯಾಕಂದರೆ ಯಾವ ಕೆಲಸ ಯಾವುದರ ಹಿಂದೆ ಬರಬೇಕು ಅನ್ನುವುದನ್ನು ಯಾರೂ ಕೂತು ಹೇಳಿರುವುದಿಲ್ಲ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಉದಾಹರಣೆಗೆ ಇಟ್ಟುಕೊಂಡಿರುವುದು 32 ಬಿಟ್‌ನ ಆರ್ಮ್‌ವಿ7-ಎ ಪ್ರೊಸೆಸರ್. ಮೊದಲು ಕ್ಯೂಇಎಂಯು ಎಮ್ಯುಲೇಟರ್‌ನ 'ವರ್ಟ್' ಮಷೀನ್ ಮೇಲೆ, ಆಮೇಲೆ ಬೀಗಲ್‌ಬೋನ್ ಬ್ಲ್ಯಾಕ್ ಬೋರ್ಡ್ ಮೇಲೆ. ಅಡ್ರೆಸ್‌ಗಳೆಲ್ಲ ಹೆಕ್ಸ್‌ನಲ್ಲಿವೆ, ಅದರ ಅಕ್ಷರಗಳನ್ನೂ ಕನ್ನಡದಲ್ಲೇ ಬರೆದಿದ್ದೇನೆ. ಸಿ0000000 ಅಂದರೆ 3 ಜಿಬಿ ಗಡಿ.

## ಮೊದಲು ಬೇಕಾದ ಸಾಮಾನು

ಆರ್ಮ್‌ನ ಬೇರ್ ಮೆಟಲ್ ಜಿಸಿಸಿ ಕಂಪೈಲರ್, ಕ್ಯೂಇಎಂಯು, ಜಿಡಿಬಿ ಡಿಬಗ್ಗರ್, ಆರ್ಮ್‌ವಿ7-ಎ ಆರ್ಕಿಟೆಕ್ಚರ್ ಮ್ಯಾನ್ಯುಯಲ್. ಬೋರ್ಡ್‌ಗೆ ಒಂದು ಯುಎಸ್‌ಬಿ ಸೀರಿಯಲ್ ಕೇಬಲ್. ಅದು 3.3 ವೋಲ್ಟ್‌ನದ್ದೇ ಆಗಿರಬೇಕು. 5 ವೋಲ್ಟ್‌ನ ಕೇಬಲ್ ಹಾಕಿದರೆ ಬೋರ್ಡ್‌ನ ಪಿನ್ ಸುಟ್ಟುಹೋಗಬಹುದು. ಇವುಗಳ ಜೊತೆ ಒಂದು ಗ್ರಾಫ್ ಪುಸ್ತಕ ಮತ್ತು ಪೆನ್ಸಿಲ್. ಇದನ್ನು ಬಿಟ್ಟು ಶುರು ಮಾಡಿದವರೇ ಜಾಸ್ತಿ ಒದ್ದಾಡುವುದನ್ನು ನೋಡಿದ್ದೇನೆ.

## ಹಂತ 1: ಕೋಡ್ ಬರೆಯುವ ಮುಂಚೆ ನಕ್ಷೆ ಬರೆಯಿರಿ

ಎರಡು ಉದ್ದ ಪಟ್ಟಿ ಎಳೆಯಿರಿ. ಎಡಗಡೆ ಫಿಸಿಕಲ್, ಬಲಗಡೆ ವರ್ಚುವಲ್.

'ವರ್ಟ್' ಮಷೀನ್‌ನಲ್ಲಿ ಯುಆರ್ಟ್ (ಸ್ಕ್ರೀನಿಗೆ ಅಕ್ಷರ ಕಳಿಸುವ ಸೀರಿಯಲ್ ಪೋರ್ಟ್) 09000000ದಲ್ಲಿದೆ. ರ್‍ಯಾಮ್ 40000000ದಿಂದ ಶುರು. ಬೇರೆ ಏನೂ ಹೇಳದಿದ್ದರೆ 128 ಎಂಬಿ ಸಿಗುತ್ತದೆ. ರ್‍ಯಾಮ್‌ನ ಬುಡದಲ್ಲೇ ಕರ್ನೆಲ್ ಇಡಬೇಡಿ. ಕರ್ನೆಲ್ ಅನ್ನು ಇಎಲ್‌ಎಫ್ ಫೈಲ್ ಆಗಿ ಕೊಟ್ಟಾಗ ಕ್ಯೂಇಎಂಯು ಆ ಜಾಗದಲ್ಲಿ ಡಿವೈಸ್ ಟ್ರೀ (ಯಾವ ಡಿವೈಸ್ ಎಲ್ಲಿದೆ ಅನ್ನುವ ಪಟ್ಟಿ) ಇಡುತ್ತದೆ. 1 ಎಂಬಿ ಬಿಟ್ಟು 40100000ದಲ್ಲಿ ಇಡಿ.

ಬಲಗಡೆ ಪಟ್ಟಿಯಲ್ಲಿ ಕೆಳಗಿನ 2 ಜಿಬಿ ಯೂಸರ್ ಪ್ರೋಗ್ರಾಮ್‌ಗಳಿಗೆ, ಮೇಲಿನ 2 ಜಿಬಿ ಕರ್ನೆಲ್‌ಗೆ. ಮೊದಲ 1 ಎಂಬಿ ಖಾಲಿ ಬಿಡಿ. ನಲ್ ಪಾಯಿಂಟರ್ ಮುಟ್ಟಿದವರು ಅಲ್ಲೇ ಸಿಕ್ಕಿಬೀಳುತ್ತಾರೆ. ಯೂಸರ್ ಕೋಡ್ 00100000ದಿಂದ. ರ್‍ಯಾಮ್ ಪೂರ್ತಿ ಸಿ0000000ದಿಂದ ಕಾಣಬೇಕು, ಹಾಗಾಗಿ ಕರ್ನೆಲ್ ಸಿ0100000ದಲ್ಲಿ ಕೂರುತ್ತದೆ. ಡಿವೈಸ್‌ಗಳು ಎಫ್0000000ದಿಂದ.

ಲಿನಕ್ಸ್‌ನಲ್ಲಿ 3 ಜಿಬಿ ಯೂಸರ್‌ಗೆ, 1 ಜಿಬಿ ಕರ್ನೆಲ್‌ಗೆ ಅಂತ ಓದಿರುತ್ತೀರಿ. ನಾವು ಅರ್ಧ ಅರ್ಧ ಹಂಚುವುದಕ್ಕೆ ಕಾರಣ ಹಾರ್ಡ್‌ವೇರ್. ಆರ್ಮ್‌ನ ಈ ಟೇಬಲ್ ಫಾರ್ಮ್ಯಾಟ್‌ನಲ್ಲಿ ಟೇಬಲ್ ಎಲ್ಲಿದೆ ಅಂತ ಹೇಳುವ ಎರಡು ಬೇಸ್ ರಿಜಿಸ್ಟರ್‌ಗಳಿವೆ: ಗಡಿಯ ಕೆಳಗಿನ ಅಡ್ರೆಸ್‌ಗಳಿಗೆ ಟಿಟಿಬಿಆರ್0 ಮತ್ತು ಮೇಲಿನವಕ್ಕೆ ಟಿಟಿಬಿಆರ್1. ಗಡಿಯನ್ನು 2 ಜಿಬಿ, 1 ಜಿಬಿ, ಹೀಗೆ ಕೆಳಗಡೆಗೆ ಹಾಕಬಹುದು, 3 ಜಿಬಿಯಲ್ಲಿ ಹಾಕಲು ಬರುವುದಿಲ್ಲ. 2 ಜಿಬಿಯಲ್ಲಿ ಹಾಕಿದರೆ ಕರ್ನೆಲ್ ಟೇಬಲ್ ಒಂದೇ ಸಲ ಕಟ್ಟಿದರೆ ಸಾಕು. ಪ್ರತಿ ಪ್ರೋಸೆಸ್‌ಗೆ ಅದರ ನಕಲು ಬೇಡ.

## ಹಂತ 2: ಲಿಂಕರ್ ಸ್ಕ್ರಿಪ್ಟ್‌ನಲ್ಲಿ ಬೂಟ್ ಭಾಗ ಬೇರೆ ಇಡಿ

ಪ್ರತಿ ಸೆಕ್ಷನ್‌ಗೂ ಎರಡು ಅಡ್ರೆಸ್: ಎಲ್ಲಿ ಲೋಡ್ ಆಗುತ್ತದೆ, ಎಲ್ಲಿ ಓಡುತ್ತದೆ. ಎಂಎಂಯು ಆನ್ ಆಗುವ ಮುಂಚಿನ ಬೂಟ್ ಕೋಡ್‌ಗೆ ಎರಡೂ 40100000ದ ಆಸುಪಾಸಿನಲ್ಲಿರಲಿ. ಉಳಿದದ್ದು ಕೆಳಗೆ ಲೋಡ್ ಆಗಿ ಸಿ0100000ದ ಮೇಲೆ ಓಡುವಂತೆ ಲಿಂಕ್ ಆಗಲಿ.

ಇಲ್ಲೊಂದು ಬಲೆ ಇದೆ. ಬೂಟ್ ಕೋಡ್‌ನಿಂದ ಮೇಲಿನ ಫಂಕ್ಷನ್ ಒಂದನ್ನು ಕರೆದರೆ ಲಿಂಕರ್ ತಕರಾರು ಮಾಡುವುದಿಲ್ಲ. ದೂರ ಜಾಸ್ತಿಯಾಯಿತು ಅಂತ ತಾನೇ 'ವೆನೀರ್' ಅನ್ನುವ ಸಣ್ಣ ತುಣುಕು ಸೇರಿಸುತ್ತದೆ. ಅದು ಇನ್ನೂ ಇಲ್ಲದ ಮೇಲಿನ ಅಡ್ರೆಸ್‌ಗೆ ಹಾರುತ್ತದೆ. ಬೋರ್ಡ್ ಅಲ್ಲೇ ನಿಲ್ಲುತ್ತದೆ. ಪ್ರತಿ ಬಿಲ್ಡ್ ಆದ ಮೇಲೆ ಡಿಸ್ಅಸೆಂಬ್ಲಿ ತೆಗೆದು ಬೂಟ್ ಭಾಗದಲ್ಲಿ ವೆನೀರ್ ಅನ್ನುವ ಹೆಸರು ಹುಡುಕಿ. ಎಂಎಂಯು ಆನ್ ಆಗುವುದಕ್ಕಿಂತ ಮುಂಚೆ ಓಡುವ ಕೋಡ್‌ನಲ್ಲಿ ಅದು ಇರಬಾರದು. ಗ್ಲೋಬಲ್ ವೇರಿಯಬಲ್‌ಗಳ ಕಥೆಯೂ ಇದೇ. ಬೂಟ್ ಕೋಡ್ ಮೇಲಿನ ಭಾಗದ ಯಾವ ಗ್ಲೋಬಲ್ ಅನ್ನೂ ಮುಟ್ಟಬಾರದು.

ಇನ್ನೊಂದು: ಪೇಜ್ ಟೇಬಲ್ ಅನ್ನು ಬಿಎಸ್‌ಎಸ್‌ನಲ್ಲಿ (ಶುರುವಿನ ಬೆಲೆ ಕೊಡದ ಗ್ಲೋಬಲ್‌ಗಳ ಜಾಗ) ಇಟ್ಟು, ತುಂಬಿ, ಆಮೇಲೆ ಬಿಎಸ್‌ಎಸ್ ಸೊನ್ನೆ ಮಾಡುವವರಿದ್ದಾರೆ. ತಾವೇ ಬರೆದ ಟೇಬಲ್ ತಾವೇ ಅಳಿಸಿದಂತೆ. ಸೊನ್ನೆ ಮಾಡುವುದು ಎಲ್ಲಕ್ಕಿಂತ ಮೊದಲು.

## ಹಂತ 3: ಫಿಸಿಕಲ್ ಪೇಜ್‌ಗಳ ಲೆಕ್ಕ

128 ಎಂಬಿಯನ್ನು 4 ಕೆಬಿಯಿಂದ ಭಾಗಿಸಿದರೆ 32768 ಪೇಜ್. ಒಂದಕ್ಕೆ ಒಂದು ಬಿಟ್ ಇಟ್ಟರೆ 4096 ಬೈಟ್, ಸರಿಯಾಗಿ ಒಂದು ಪೇಜ್. ಇದಕ್ಕಿಂತ ದೊಡ್ಡ ಏರ್ಪಾಡು ಈಗ ಬೇಡ.

ಡಿವೈಸ್ ಟ್ರೀ, ಕರ್ನೆಲ್, ಬಿಟ್‌ಮ್ಯಾಪ್ ಇರುವ ಜಾಗ ಮೊದಲೇ 'ಬಳಕೆಯಲ್ಲಿದೆ' ಅಂತ ಗುರುತಿಸಿ. ಕೊಡುವ ಮುಂಚೆ ಪ್ರತಿ ಪೇಜ್ ಸೊನ್ನೆ ಮಾಡಿ. ಹಳೆ ಕಸ ಇರುವ ಪೇಜ್ ನಾಳೆ ಪೇಜ್ ಟೇಬಲ್ ಆದರೆ ಆ ಕಸವೇ ಮ್ಯಾಪಿಂಗ್ ಆಗಿಬಿಡುತ್ತದೆ. ಅಕ್ಕಪಕ್ಕದ ಎರಡು ಪೇಜ್ ಒಟ್ಟಿಗೆ, 8 ಕೆಬಿ ಗಡಿಗೆ ಸರಿಯಾಗಿ ಕೊಡುವ ಫಂಕ್ಷನ್ ಕೂಡ ಈಗಲೇ ಬರೆದಿಡಿ. ಹಂತ 8ರಲ್ಲಿ ಬೇಕು.

## ಹಂತ 4: ಮೊದಲ ಟೇಬಲ್

ಮೊದಲ ಹಂತದ ಟೇಬಲ್‌ನಲ್ಲಿ 4096 ಎಂಟ್ರಿ. ಒಂದೊಂದು 4 ಬೈಟ್, ಒಟ್ಟು 16 ಕೆಬಿ. 16 ಕೆಬಿ ಗಡಿಗೇ ಕೂರಬೇಕು. ಒಂದು ಎಂಟ್ರಿ 1 ಎಂಬಿ ಜಾಗ ನೋಡಿಕೊಳ್ಳುತ್ತದೆ. ಅಡ್ರೆಸ್‌ನ ಮೇಲಿನ ಮೂರು ಹೆಕ್ಸ್ ಅಂಕಿಗಳೇ ಎಂಟ್ರಿ ನಂಬರ್.

ತುಂಬಬೇಕಾದ ಎಂಟ್ರಿಗಳು ಇಷ್ಟೇ (ನಂಬರ್‌ಗಳು ಮಾಮೂಲಿ ದಶಮಾನದಲ್ಲಿ):

- 3072ರಿಂದ 3199: ರ್‍ಯಾಮ್ ಪೂರ್ತಿ, ಮೇಲಿನ ಅಡ್ರೆಸ್‌ನಲ್ಲಿ
- 3840: ಯುಆರ್ಟ್, ಮೇಲಿನ ಅಡ್ರೆಸ್‌ನಲ್ಲಿ
- 1025: ಬೂಟ್ ಕೋಡ್ ಇರುವ 1 ಎಂಬಿ, ಇದ್ದ ಅಡ್ರೆಸ್‌ನಲ್ಲೇ
- 144: ಯುಆರ್ಟ್, ಇದ್ದ ಅಡ್ರೆಸ್‌ನಲ್ಲೇ

ಕೊನೆಯ ಎರಡು ತಾತ್ಕಾಲಿಕ. ಇವುಗಳಿಗೆ ಐಡೆಂಟಿಟಿ ಮ್ಯಾಪಿಂಗ್ ಅನ್ನುತ್ತಾರೆ. ಯಾಕೆ ಬೇಕು ಅಂದರೆ, ನಮ್ಮ ಊರು ಬಾಗಲಕೋಟೆ. ಆಲಮಟ್ಟಿಯ ಹಿನ್ನೀರಿಗೆ ಹಳೆ ಊರಿನ ಭಾಗ ಮುಳುಗಿದಾಗ ಜನ ನವನಗರದ ಸೆಕ್ಟರ್‌ಗಳಿಗೆ ಬಂದರು. ಹೊಸ ಮನೆಗೆ ಸಾಮಾನು ಸಾಗಿಸಿ ಮುಗಿಯುವ ತನಕ ಹಳೆ ಮನೆಯ ಕೀಲಿಯೂ ಕೈಯಲ್ಲಿರಬೇಕಲ್ವಾ? ಎಂಎಂಯು ಆನ್ ಮಾಡುವ ಇನ್‌ಸ್ಟ್ರಕ್ಷನ್ ಹಳೆ ಅಡ್ರೆಸ್‌ನಲ್ಲಿ ಓಡುತ್ತಿರುತ್ತದೆ. ಅದರ ಮುಂದಿನದೂ ಅಲ್ಲೇ ಇದೆ. ಆ ಕ್ಷಣ ಹಳೆ ಅಡ್ರೆಸ್ ಇಲ್ಲದಿದ್ದರೆ ಪ್ರೊಸೆಸರ್ ನಡುಬೀದಿಯಲ್ಲಿ ನಿಂತಂತೆ.

ಎಂಟ್ರಿಯ ಕೆಳಗಿನ ಬಿಟ್‌ಗಳು (ಇವು ಹೆಕ್ಸ್‌ನಲ್ಲಿ): ಮಾಮೂಲಿ ರ್‍ಯಾಮ್‌ಗೆ 140ಇ. ಅಂದರೆ ಕ್ಯಾಶ್ ಆಗುವ ಮೆಮೊರಿ, ಕರ್ನೆಲ್ ಮಾತ್ರ ಓದಬಹುದು, ಬರೆಯಬಹುದು. ಡಿವೈಸ್‌ಗೆ 416. ಅಂದರೆ ಡಿವೈಸ್ ಮೆಮೊರಿ, ಕರ್ನೆಲ್‌ಗೆ ಮಾತ್ರ, ಇಲ್ಲಿಂದ ಕೋಡ್ ಓಡಿಸಬೇಡ. ಈ 'ಓಡಿಸಬೇಡ' ಬಿಟ್ ಬಿಟ್ಟರೆ ಏನಾಯಿತು ಅಂತ ಕೇಳುತ್ತಾರೆ. ಪ್ರೊಸೆಸರ್ ಮುಂದಿನ ಕೋಡ್ ಊಹಿಸಿ ಮೊದಲೇ ಓದಿಡುತ್ತದೆ. ಹಾಗೆ ಡಿವೈಸ್ ರಿಜಿಸ್ಟರ್ ಓದಿದರೆ ಯುಆರ್ಟ್‌ಗೆ ಬಂದ ಅಕ್ಷರ ಯಾರಿಗೂ ಸಿಗದೆ ಮಾಯವಾಗಬಹುದು. ಯುಆರ್ಟ್ ಅನ್ನು ತಪ್ಪಿ 140ಇ ಹಾಕಿ ಮ್ಯಾಪ್ ಮಾಡಿದರೆ ಕ್ಯೂಇಎಂಯುನಲ್ಲಿ ಗೊತ್ತೇ ಆಗುವುದಿಲ್ಲ. ಅದು ಕ್ಯಾಶ್‌ಗಳನ್ನು ಅನುಕರಿಸುವುದಿಲ್ಲ. ಬೋರ್ಡ್‌ನಲ್ಲಿ ಅಕ್ಷರಗಳು ತಡವಾಗಿ ಬರುತ್ತವೆ, ಇಲ್ಲವೇ ಬರುವುದೇ ಇಲ್ಲ.

ಡೊಮೇನ್ ರಿಜಿಸ್ಟರ್ ಡಿಎಸಿಆರ್‌ಗೆ 1 ಬರೆಯಿರಿ, ಅಂದರೆ ಡೊಮೇನ್ 0 'ಕ್ಲೈಂಟ್'. ಎಷ್ಟೋ ಉದಾಹರಣೆ ಕೋಡ್‌ಗಳಲ್ಲಿ ಎಲ್ಲ ಬಿಟ್ 1 ಮಾಡಿ 'ಮ್ಯಾನೇಜರ್' ಇಟ್ಟಿರುತ್ತಾರೆ. ಆಗ ಪರ್ಮಿಷನ್ ಪರೀಕ್ಷೆಯೇ ನಡೆಯುವುದಿಲ್ಲ. ಎಲ್ಲ ಸರಿ ಓಡುತ್ತಿದೆ ಅನಿಸುತ್ತದೆ, ರಕ್ಷಣೆ ಮಾತ್ರ ಸೊನ್ನೆ.

## ಹಂತ 5: ಎಂಎಂಯು ಆನ್ ಮಾಡುವುದು

ಇದನ್ನು ಅಸೆಂಬ್ಲಿಯಲ್ಲೇ ಬರೆಯಿರಿ. ಕ್ರಮ ಒಂದಿಂಚೂ ಬದಲಾಗಬಾರದು.

1. ಇಂಟರಪ್ಟ್ ಆಫ್.
2. ಎಂಎಂಯು, ಕ್ಯಾಶ್ ಆನ್ ಆಫ್ ಮಾಡುವ ರಿಜಿಸ್ಟರ್ ಎಸ್‌ಸಿಟಿಎಲ್‌ಆರ್ ಓದಿ ನೋಡಿ. ಬೂಟ್‌ಲೋಡರ್ ಎಂಎಂಯು ಮತ್ತು ಕ್ಯಾಶ್ ಚಾಲೂ ಬಿಟ್ಟು ಕೊಟ್ಟಿರಬಹುದು. ಚಾಲೂ ಇದ್ದರೆ ಡೇಟಾ ಕ್ಯಾಶ್ ಕ್ಲೀನ್ ಮಾಡಿ (ಒಳಗಿನದನ್ನು ಮೆಮೊರಿಗೆ ಬರೆಸಿ) ಆಫ್ ಮಾಡಿ. ಆಫ್ ಇದ್ದೇ ಬಂದಿದ್ದರೆ ಡೇಟಾ ಕ್ಯಾಶ್ ಇನ್‌ವ್ಯಾಲಿಡೇಟ್ ಮಾಡಿ (ಒಳಗಿನದನ್ನು ಬರೆಸದೆ ಒರೆಸಿ).
3. ಟಿಎಲ್‌ಬಿ (ಪೇಜ್ ಟೇಬಲ್‌ನಲ್ಲಿ ಓದಿದ್ದನ್ನು ನೆನಪಿಡುವ ಸಣ್ಣ ಕ್ಯಾಶ್), ಇನ್‌ಸ್ಟ್ರಕ್ಷನ್ ಕ್ಯಾಶ್, ಬ್ರಾಂಚ್ ಪ್ರಿಡಿಕ್ಟರ್ ಇನ್‌ವ್ಯಾಲಿಡೇಟ್ ಮಾಡಿ.
4. ಡಿಎಸಿಆರ್‌ಗೆ 1.
5. ಗಡಿ ಎಲ್ಲಿ ಅಂತ ಹೇಳುವ ಟಿಟಿಬಿಸಿಆರ್‌ಗೆ 0, ಅಂದರೆ ಸದ್ಯ ಗಡಿ ಇಲ್ಲ. ಟಿಟಿಬಿಆರ್0ಗೆ ಟೇಬಲ್‌ನ ಫಿಸಿಕಲ್ ಅಡ್ರೆಸ್.
6. ಡಿಎಸ್‌ಬಿ, ಐಎಸ್‌ಬಿ. ಇವು ಬ್ಯಾರಿಯರ್ ಇನ್‌ಸ್ಟ್ರಕ್ಷನ್‌ಗಳು: ಹಿಂದಿನ ಕೆಲಸ ಮುಗಿಯುವ ತನಕ ಮುಂದಕ್ಕೆ ಬಿಡುವುದಿಲ್ಲ.
7. ಎಸ್‌ಸಿಟಿಎಲ್‌ಆರ್‌ನ ಬಿಟ್ 0 ಅನ್ನು 1 ಮಾಡಿ. ಬಿಟ್ 28 ಮತ್ತು 29 ಸೊನ್ನೆ ಇರಲಿ. ಅವು 1 ಇದ್ದರೆ ನಾವು ಹಂತ 4ರಲ್ಲಿ ಬರೆದ ಬಿಟ್‌ಗಳ ಅರ್ಥವೇ ಬದಲಾಗುತ್ತದೆ.
8. ಐಎಸ್‌ಬಿ.
9. ಮೇಲಿನ ಅಡ್ರೆಸ್ ಅನ್ನು ರಿಜಿಸ್ಟರ್‌ಗೆ ಪೂರ್ತಿ ಲೋಡ್ ಮಾಡಿ ಅಲ್ಲಿಗೆ ಹಾರಿ.
10. ಸ್ಟ್ಯಾಕ್ ಪಾಯಿಂಟರ್, ವೆಕ್ಟರ್ ಬೇಸ್ (ಫಾಲ್ಟ್ ಅಥವಾ ಇಂಟರಪ್ಟ್ ಬಂದಾಗ ಹಾರುವ ಜಾಗ), ಯುಆರ್ಟ್ ಪಾಯಿಂಟರ್, ಮೂರನ್ನೂ ಮೇಲಿನ ಅಡ್ರೆಸ್‌ಗೆ ಬದಲಿಸಿ.

ಕ್ಯಾಶ್ ಆನ್ ಮಾಡುವುದನ್ನು ಇದರ ಜೊತೆ ಸೇರಿಸಬೇಡಿ. ಮೊದಲು ಬರೀ ಎಂಎಂಯು ಓಡಲಿ. ನಾಳೆ ಕ್ಯಾಶ್. ಎರಡೂ ಒಟ್ಟಿಗೆ ಆನ್ ಮಾಡಿ ಹ್ಯಾಂಗ್ ಆದರೆ ತಪ್ಪು ಯಾವುದರದ್ದು ಅಂತ ಹುಡುಕಲು ಆಗುವುದಿಲ್ಲ.

ಹುಡುಕುವುದಕ್ಕೆ ನಾವು ಮಾಡುವುದು ಹೀಗೆ: ದಾರಿಯುದ್ದಕ್ಕೂ ಯುಆರ್ಟ್‌ಗೆ ಒಂದೊಂದು ಅಂಕಿ ಬರೆಯುತ್ತಾ ಹೋಗುತ್ತೇವೆ. ಎಂಎಂಯು ಆನ್ ಆಗುವ ಮುಂಚೆ 1, ಆದ ಮೇಲೆ 2, ಮೇಲಿನ ಅಡ್ರೆಸ್‌ಗೆ ಹಾರಿದ ಮೇಲೆ 3, ಐಡೆಂಟಿಟಿ ಮ್ಯಾಪಿಂಗ್ ತೆಗೆದ ಮೇಲೆ 4. ಬರೀ 1 ಬಂದು ನಿಂತರೆ 1025 ಅಥವಾ 144ನೇ ಎಂಟ್ರಿ ತಪ್ಪು, ಇಲ್ಲವೇ ಟೇಬಲ್ 16 ಕೆಬಿ ಗಡಿಯಲ್ಲಿಲ್ಲ, ಇಲ್ಲವೇ ಟಿಟಿಬಿಆರ್0ಗೆ ಸಿ ಇಂದ ಶುರುವಾಗುವ ಅಡ್ರೆಸ್ ಕೊಟ್ಟಿದ್ದೀರಿ. 2ಕ್ಕೆ ನಿಂತರೆ 3073 ಅಥವಾ 3840 ನೋಡಿ.

ಜಮಖಂಡಿಯಿಂದ ಬರುವ ಒಬ್ಬ ಹುಡುಗಿಗೆ 1, 2, 3 ಬಂತು. 4 ಬರಲಿಲ್ಲ. ಎರಡು ಶನಿವಾರ ಪೇಜ್ ಟೇಬಲ್ ತಿದ್ದಿದ್ದೇ ತಿದ್ದಿದ್ದು. ಮೂರನೇ ವಾರ 3ರ ಪಕ್ಕದಲ್ಲಿ ಪಿಸಿಯ (ಪ್ರೋಗ್ರಾಮ್ ಕೌಂಟರ್, ಅಂದರೆ ಈಗ ಓಡುತ್ತಿರುವ ಕೋಡ್‌ನ ಅಡ್ರೆಸ್) ಬೆಲೆಯನ್ನೂ ಪ್ರಿಂಟ್ ಮಾಡಿಸಿದೆವು. ಸ್ಕ್ರೀನ್ ಮೇಲೆ 4010ರಿಂದ ಶುರುವಾಗುವ ಅಡ್ರೆಸ್ ಬಂತು. ಕೋಡ್ ಮೇಲೆ ಹೋಗಿಯೇ ಇರಲಿಲ್ಲ! ಅವಳು ಬೂಟ್ ಭಾಗ ಬೇರೆ ಮಾಡದೆ ಪೂರ್ತಿ ಕರ್ನೆಲ್ ಅನ್ನು ಮೇಲಿನ ಅಡ್ರೆಸ್‌ಗೆ ಲಿಂಕ್ ಮಾಡಿದ್ದಳು. ಎಂಎಂಯು ಆನ್ ಮಾಡುವುದನ್ನು ಒಂದು ಫಂಕ್ಷನ್ ಮಾಡಿ ಅದರಿಂದ ರಿಟರ್ನ್ ಆಗಿದ್ದಳು. ರಿಟರ್ನ್ ಅಡ್ರೆಸ್ ಎಂಎಂಯು ಆನ್ ಆಗುವ ಮುಂಚಿನದು, ಅಂದರೆ ಕೆಳಗಿನದು. ಮುಂದಿನ ಕರೆಗಳೆಲ್ಲ ಪಿಸಿಯಿಂದ ಇಷ್ಟು ದೂರ ಅನ್ನುವ ಲೆಕ್ಕದವು, ಹಾಗಾಗಿ ಅವೂ ಕೆಳಗೇ ಓಡಿದವು. ಹಳೆ ಮನೆಯ ಕೀಲಿ ವಾಪಸ್ ಕೊಟ್ಟ ದಿನ ಒಳಗಿದ್ದವರು ಹೊರಗೆ ಬಿದ್ದರು. ಅವತ್ತಿನಿಂದ 3 ಅನ್ನು ಒಂಟಿಯಾಗಿ ನಂಬುವುದು ಬಿಟ್ಟಿದ್ದೇವೆ. ಪಿಸಿ ಜೊತೆಗೇ ಪ್ರಿಂಟ್ ಆಗಬೇಕು.

## ಹಂತ 6: ಐಡೆಂಟಿಟಿ ಮ್ಯಾಪಿಂಗ್ ತೆಗೆಯಿರಿ

ಟಿಟಿಬಿಆರ್1ಗೆ ಕರ್ನೆಲ್ ಟೇಬಲ್‌ನ ಫಿಸಿಕಲ್ ಅಡ್ರೆಸ್ ಬರೆಯಿರಿ, ಐಎಸ್‌ಬಿ. ಟಿಟಿಬಿಸಿಆರ್‌ಗೆ 1, ಐಎಸ್‌ಬಿ. ಈಗ ಗಡಿ 2 ಜಿಬಿಗೆ ಬಂತು. ಆಮೇಲೆ ಟಿಟಿಬಿಆರ್0ಗೆ ಒಂದು ಖಾಲಿ 8 ಕೆಬಿ ಟೇಬಲ್, ಐಎಸ್‌ಬಿ. ಕೊನೆಗೆ ಟಿಎಲ್‌ಬಿ ಪೂರ್ತಿ ಇನ್‌ವ್ಯಾಲಿಡೇಟ್, ಡಿಎಸ್‌ಬಿ, ಐಎಸ್‌ಬಿ.

ಟಿಟಿಬಿಆರ್0 ಅನ್ನು ಮೊದಲು ಖಾಲಿ ಮಾಡಿದರೆ ಕರ್ನೆಲ್ ತನ್ನ ಕಾಲ ಕೆಳಗಿನ ನೆಲವನ್ನೇ ಎಳೆದುಕೊಂಡಂತೆ. ಗಡಿ ಇನ್ನೂ ಬಂದಿಲ್ಲ, ಆಗ ಸಿ0100000 ಕೂಡ ಟಿಟಿಬಿಆರ್0ದ ಕೈಯಲ್ಲೇ ಇರುತ್ತದೆ.

ತೆಗೆದ ಮೇಲೆ ಬೇಕಂತಲೇ 40100000 ಓದಿ. ಡೇಟಾ ಅಬಾರ್ಟ್ (ಆ ಅಡ್ರೆಸ್ ಮುಟ್ಟಲು ಆಗಲಿಲ್ಲ ಅನ್ನುವ ಫಾಲ್ಟ್) ಬರಲೇಬೇಕು. ಬರದಿದ್ದರೆ ಟಿಎಲ್‌ಬಿ ಸ್ವಚ್ಛವಾಗಿಲ್ಲ. ಈ ಪರೀಕ್ಷೆ ಮಾಡದೆ ಮುಂದೆ ಹೋಗಬೇಡಿ. ಕರ್ನೆಲ್‌ನಲ್ಲಿ ಎಲ್ಲೋ ಉಳಿದ ಫಿಸಿಕಲ್ ಪಾಯಿಂಟರ್ ಒಂದು ಸುಮ್ನೆ ಕೆಲಸ ಮಾಡುತ್ತಾ ಇರುತ್ತದೆ. ಮೊದಲ ಯೂಸರ್ ಪ್ರೋಗ್ರಾಮ್ ಬಂದ ದಿನ ಸಿಡಿಯುತ್ತದೆ.

## ಹಂತ 7: ಮ್ಯಾಪ್, ಅನ್‌ಮ್ಯಾಪ್

ಮೊದಲ ಟೇಬಲ್‌ನ 1 ಎಂಬಿ ತುಂಡುಗಳು (ಇವಕ್ಕೂ ಸೆಕ್ಷನ್ ಅಂತಲೇ ಹೆಸರು, ಲಿಂಕರ್‌ನ ಸೆಕ್ಷನ್ ಬೇರೆ) ಯೂಸರ್ ಪ್ರೋಗ್ರಾಮ್‌ಗೆ ದೊಡ್ಡದಾಯಿತು. 4 ಕೆಬಿ ಪೇಜ್ ಬೇಕು ಅಂದರೆ ಎರಡನೇ ಹಂತದ ಟೇಬಲ್: 256 ಎಂಟ್ರಿ, 1 ಕೆಬಿ. ಒಂದು ಪೇಜ್‌ನಲ್ಲಿ ನಾಲ್ಕು ಹಿಡಿಯುತ್ತವೆ. ಶುರುವಿನಲ್ಲಿ ಒಂದಕ್ಕೆ ಒಂದು ಪೇಜ್ ಕೊಟ್ಟು 3 ಕೆಬಿ ಬಿಟ್ಟುಬಿಡಿ, ಪರವಾಗಿಲ್ಲ. ಗಮನಿಸಿ, ಇಲ್ಲಿ ಬಿಟ್‌ಗಳ ಜಾಗ ಸೆಕ್ಷನ್‌ನಂತೆ ಇಲ್ಲ. 'ಓಡಿಸಬೇಡ' ಬಿಟ್ ಅಲ್ಲಿ 4, ಇಲ್ಲಿ 0. ಪರ್ಮಿಷನ್ ಬಿಟ್‌ಗಳು ಅಲ್ಲಿ 10, 11. ಇಲ್ಲಿ 4, 5. ನಕಲು ಹೊಡೆದು ಸಿಕ್ಕಿಬೀಳುವುದು ಇಲ್ಲೇ.

ಇದ್ದ ಎಂಟ್ರಿ ಬದಲಿಸುವ ಕ್ರಮವನ್ನು ಗೋಡೆಗೆ ಅಂಟಿಸಿಕೊಳ್ಳಿ:

1. ಎಂಟ್ರಿಗೆ ಸೊನ್ನೆ ಬರೆಯಿರಿ.
2. ಆ ಎಂಟ್ರಿ ಇರುವ ಕ್ಯಾಶ್ ಲೈನ್ ಕ್ಲೀನ್ ಮಾಡಿ.
3. ಡಿಎಸ್‌ಬಿ.
4. ಆ ಅಡ್ರೆಸ್‌ನ ಟಿಎಲ್‌ಬಿ ಇನ್‌ವ್ಯಾಲಿಡೇಟ್ ಮಾಡಿ.
5. ಡಿಎಸ್‌ಬಿ, ಐಎಸ್‌ಬಿ.
6. ಹೊಸ ಎಂಟ್ರಿ ಬರೆಯಿರಿ, ಕ್ಲೀನ್, ಡಿಎಸ್‌ಬಿ, ಐಎಸ್‌ಬಿ.

ಟಿಎಲ್‌ಬಿ ಅಂದರೆ ಆ ಬೀದಿಯ ಹಳೆಯ ಪೋಸ್ಟ್‌ಮ್ಯಾನ್. ಯಾರ ಮನೆ ಎಲ್ಲಿ ಅಂತ ತಲೆಯಲ್ಲೇ ಇದೆ, ರಿಜಿಸ್ಟರ್ ತೆಗೆದು ನೋಡುವುದಿಲ್ಲ. ಆಫೀಸಿನ ರಿಜಿಸ್ಟರ್‌ನಲ್ಲಿ ವಿಳಾಸ ತಿದ್ದಿದರೆ ಸಾಲದು, ಅವನಿಗೂ ಹೇಳಬೇಕು. ಹೇಳದಿದ್ದರೆ ಕಾಗದ ಹಳೆ ಮನೆಗೇ ಹೋಗುತ್ತದೆ. ಕೆಲವು ಸಲ ಅವನೇ ಮರೆತು ರಿಜಿಸ್ಟರ್ ನೋಡುತ್ತಾನೆ, ಆಗ ಸರಿ ಮನೆಗೆ ಹೋಗುತ್ತದೆ. ಹತ್ತು ಸಲ ಓಡಿಸಿದರೆ ಎಂಟು ಸಲ ಸರಿ, ಎರಡು ಸಲ ತಪ್ಪು ಅನ್ನುವ ಲಕ್ಷಣ ಕಂಡರೆ ಮೊದಲು ಇಲ್ಲಿ ನೋಡಿ.

ಖಾಲಿ ಇದ್ದ ಎಂಟ್ರಿಗೆ ಮೊದಲ ಸಲ ಬರೆಯುವಾಗ ಟಿಎಲ್‌ಬಿ ಇನ್‌ವ್ಯಾಲಿಡೇಟ್ ಬೇಡ. ಇಲ್ಲದ ಮ್ಯಾಪಿಂಗ್ ಅನ್ನು ಟಿಎಲ್‌ಬಿ ನೆನಪಿಡುವುದಿಲ್ಲ. ಕ್ಲೀನ್ ಮತ್ತು ಬ್ಯಾರಿಯರ್ ಮಾತ್ರ ಬೇಕೇ ಬೇಕು.

ಫಂಕ್ಷನ್‌ನ ಒಳಗೆ ಮೊದಲು ಪರೀಕ್ಷೆ: ಶುರು ಅಡ್ರೆಸ್ ಪೇಜ್ ಗಡಿಯಲ್ಲಿದೆಯೇ, ಉದ್ದ ಸೊನ್ನೆಯೇ, ಶುರುವಿಗೆ ಉದ್ದ ಕೂಡಿದರೆ 32 ಬಿಟ್ ಮೀರಿ ಸುತ್ತಿಕೊಳ್ಳುತ್ತದೆಯೇ, ಅಲ್ಲಿ ಈಗಾಗಲೇ ಏನಾದರೂ ಇದೆಯೇ. ಇದ್ದರೆ ಮೇಲೆ ಬರೆಯಬೇಡಿ, ತಪ್ಪು ಅಂತ ವಾಪಸ್ ಕೊಡಿ.

## ಹಂತ 8: ಪ್ರತಿ ಪ್ರೋಸೆಸ್‌ಗೆ ಒಂದು ಅಡ್ರೆಸ್ ಸ್ಪೇಸ್

ಪ್ರೋಸೆಸ್‌ಗೆ ಒಂದು 8 ಕೆಬಿ ಟೇಬಲ್ ಮತ್ತು ಒಂದು ರೀಜನ್ ಪಟ್ಟಿ. ರೀಜನ್ ಅಂದರೆ ಶುರು, ಕೊನೆ, ಪರ್ಮಿಷನ್, ಯಾವ ಬಗೆ. ಪಟ್ಟಿಯೇ ಮೂಲ, ಪೇಜ್ ಟೇಬಲ್ ಅದರ ನೆರಳು ಅಂತ ಇಟ್ಟುಕೊಳ್ಳಿ. ಇಷ್ಟು ಸಣ್ಣ ಸಿಸ್ಟಮ್‌ನಲ್ಲಿ ಸ್ವಾಪ್ ಇಲ್ಲ, ಬೇಕಾದಾಗ ಪೇಜ್ ತರುವ ಏರ್ಪಾಡೂ ಬೇಡ. ಪ್ರೋಗ್ರಾಮ್ ಲೋಡ್ ಆಗುವಾಗಲೇ ಎಲ್ಲ ಪೇಜ್ ಕೊಟ್ಟುಬಿಡಿ. ಮೋಟರ್ ಕಂಟ್ರೋಲ್‌ನಂಥ ಕೆಲಸದ ನಡುವೆ ಪೇಜ್ ಫಾಲ್ಟ್ ಬಂದು ತಡವಾದರೆ ಅದನ್ನು ಯಾರೂ ಒಪ್ಪುವುದಿಲ್ಲ.

ಪ್ರತಿ ಸ್ಟ್ಯಾಕ್‌ನ ಕೆಳಗೆ ಒಂದು ಪೇಜ್ ಖಾಲಿ ಬಿಡಿ. ಕರ್ನೆಲ್ ಸ್ಟ್ಯಾಕ್‌ಗಳಿಗೂ ಇದು ಬೇಕು. ಸ್ಟ್ಯಾಕ್ ತುಂಬಿ ಪಕ್ಕದ ಡೇಟಾ ಕೆಡಿಸಿದರೆ ದಿನಗಟ್ಟಲೆ ಹುಡುಕಬೇಕು. ಖಾಲಿ ಪೇಜ್ ಇದ್ದರೆ ಅದೇ ಕ್ಷಣಕ್ಕೆ ಫಾಲ್ಟ್ ಬರುತ್ತದೆ.

ಪ್ರೋಸೆಸ್ ಬದಲಿಸುವಾಗ ಮೊದಮೊದಲು ಟಿಟಿಬಿಆರ್0 ಬದಲಿಸಿ ಟಿಎಲ್‌ಬಿ ಪೂರ್ತಿ ಒರೆಸಿ. ನಿಧಾನ, ಆದರೆ ಸರಿ. ಇದು ಗಟ್ಟಿಯಾಗಿ ಓಡಿದ ಮೇಲೆ ಎಎಸ್‌ಐಡಿ ತನ್ನಿ. ಅದು ಟಿಎಲ್‌ಬಿಯ ಎಂಟ್ರಿ ಯಾವ ಪ್ರೋಸೆಸ್‌ನದು ಅಂತ ಗುರುತಿಸುವ ನಂಬರ್. 8 ಬಿಟ್, ಒಟ್ಟು 256 ನಂಬರ್. ಮುಗಿದ ಮೇಲೆ ಟಿಎಲ್‌ಬಿ ಒರೆಸಿ ಮತ್ತೆ ಹಂಚಬೇಕು. ಯೂಸರ್ ಪೇಜ್‌ಗಳಲ್ಲಿ 'ಗ್ಲೋಬಲ್ ಅಲ್ಲ' ಅನ್ನುವ ಬಿಟ್ 11 ಹಾಕುವುದು ಮರೆತರೆ ಒಬ್ಬರ ಮೆಮೊರಿ ಇನ್ನೊಬ್ಬರಿಗೆ ಕಾಣುತ್ತದೆ. ಬದಲಿಸುವ ಕ್ರಮ: ಟಿಟಿಬಿಆರ್0 ಖಾಲಿ ಟೇಬಲ್‌ಗೆ, ಐಎಸ್‌ಬಿ, ಹೊಸ ಎಎಸ್‌ಐಡಿ, ಐಎಸ್‌ಬಿ, ಹೊಸ ಟೇಬಲ್, ಐಎಸ್‌ಬಿ. ನಡುವಿನ ಖಾಲಿ ಟೇಬಲ್ ಬಿಟ್ಟರೆ ಹಳೆ ಪ್ರೋಸೆಸ್‌ನ ಎಂಟ್ರಿ ಹೊಸ ನಂಬರ್ ಹೊತ್ತು ಟಿಎಲ್‌ಬಿಯೊಳಗೆ ಕೂರಬಹುದು.

ಯೂಸರ್ ಕೊಟ್ಟ ಪಾಯಿಂಟರ್ ಅನ್ನು ಕರ್ನೆಲ್ ನೇರ ಮುಟ್ಟಬಾರದು. ಪೂರ್ತಿ ಉದ್ದ 2 ಜಿಬಿ ಒಳಗಿದೆಯೇ ನೋಡಿ, ಆಮೇಲೆ ಯೂಸರ್ ಪರ್ಮಿಷನ್‌ನಲ್ಲಿ ಓದುವ ಎಲ್‌ಡಿಆರ್‌ಟಿ ಇನ್‌ಸ್ಟ್ರಕ್ಷನ್ ಬಳಸಿ.

## ಹಂತ 9: ಫಾಲ್ಟ್ ಬಂದಾಗ ಓದುವುದು

ಅಬಾರ್ಟ್ ಮೋಡ್‌ಗೆ ಬೇರೆ ಸ್ಟ್ಯಾಕ್ ಪಾಯಿಂಟರ್ ಇದೆ. ಅದನ್ನು ಇಡದಿದ್ದರೆ ಫಾಲ್ಟ್‌ನೊಳಗೆ ಫಾಲ್ಟ್ ಬಂದು ಬೋರ್ಡ್ ಮೌನವಾಗುತ್ತದೆ. ವೆಕ್ಟರ್‌ಗಳು ಮತ್ತು ಈ ಸ್ಟ್ಯಾಕ್ ಎರಡೂ ಹಂತ 5 ಮುಗಿದ ಕೂಡಲೇ ತಯಾರಿರಲಿ.

ಡಿಎಫ್‌ಎಆರ್‌ನಲ್ಲಿ ಅಡ್ರೆಸ್, ಡಿಎಫ್‌ಎಸ್‌ಆರ್‌ನಲ್ಲಿ ಕಾರಣ. ಕಾರಣದ ನಂಬರ್ ದಶಮಾನದಲ್ಲಿ 5 ಅಥವಾ 7 ಇದ್ದರೆ ಮ್ಯಾಪಿಂಗ್ ಇಲ್ಲ. ಮೊದಲನೆಯದು ಮೇಲಿನ ಟೇಬಲ್‌ನಲ್ಲಿ, ಎರಡನೆಯದು ಕೆಳಗಿನದರಲ್ಲಿ. 13 ಅಥವಾ 15 ಇದ್ದರೆ ಮ್ಯಾಪಿಂಗ್ ಇದೆ, ಪರ್ಮಿಷನ್ ಇಲ್ಲ. 9 ಅಥವಾ 11 ಬಂದರೆ ಡಿಎಸಿಆರ್ ನೋಡಿ. 1 ಅಂದರೆ ಅಲೈನ್‌ಮೆಂಟ್. ಬಿಟ್ 11 ಹೇಳುವುದು ಬರೆಯುವಾಗ ಬಿತ್ತೋ ಓದುವಾಗ ಬಿತ್ತೋ ಅಂತ. ತಪ್ಪು ಮಾಡಿದ ಇನ್‌ಸ್ಟ್ರಕ್ಷನ್ ಬೇಕಾದರೆ ಡೇಟಾ ಅಬಾರ್ಟ್‌ನಲ್ಲಿ ಲಿಂಕ್ ರಿಜಿಸ್ಟರ್‌ನಿಂದ 8 ಕಳೆಯಿರಿ, ಪ್ರಿಫೆಚ್ ಅಬಾರ್ಟ್‌ನಲ್ಲಿ 4.

ಕ್ಯೂಇಎಂಯು ಮಾನಿಟರ್‌ನಲ್ಲಿ 'ಎಕ್ಸ್' ಕಮಾಂಡ್ ವರ್ಚುವಲ್ ಅಡ್ರೆಸ್ ಓದುತ್ತದೆ, 'ಎಕ್ಸ್‌ಪಿ' ಫಿಸಿಕಲ್. ಎರಡನ್ನೂ ಒಂದೇ ಜಾಗಕ್ಕೆ ಹಾಕಿ ನೋಡಿ. ಒಂದೇ ಬೆಲೆ ಬಂದರೆ ಮ್ಯಾಪಿಂಗ್ ಸರಿ.

## ಹಂತ 10: ಡಿಎಂಎ ಜಾಗ

ಡಿಎಂಎ ಮಾಡುವ, ಅಂದರೆ ಪ್ರೊಸೆಸರ್ ಕೈ ಹಾಕದೆ ತಾನೇ ಮೆಮೊರಿ ಓದಿ ಬರೆಯುವ, ಡಿವೈಸ್‌ಗೆ ನಿಮ್ಮ ಪೇಜ್ ಟೇಬಲ್ ಗೊತ್ತಿಲ್ಲ. ಅದಕ್ಕೆ ಫಿಸಿಕಲ್ ಅಡ್ರೆಸ್ಸೇ ಕೊಡಬೇಕು. ಸುಲಭ ದಾರಿ: ರ್‍ಯಾಮ್‌ನ ಕೊನೆಯ 1 ಎಂಬಿಯನ್ನು, ಅಂದರೆ 3199ನೇ ಎಂಟ್ರಿಯನ್ನು, ಕ್ಯಾಶ್ ಆಗದ ಮೆಮೊರಿ ಮಾಡಿ ಡಿಎಂಎಗೆ ಮೀಸಲಿಡಿ. ಕೆಳಗಿನ ಬಿಟ್‌ಗಳು ಹೆಕ್ಸ್ 1412. ಬಿಟ್‌ಮ್ಯಾಪ್‌ನಲ್ಲೂ ಆ 256 ಪೇಜ್ ತೆಗೆದಿಡಿ. ಒಂದೇ ಫಿಸಿಕಲ್ ಪೇಜ್ ಅನ್ನು ಒಂದು ಕಡೆ ಕ್ಯಾಶ್ ಆಗುವಂತೆ, ಇನ್ನೊಂದು ಕಡೆ ಆಗದಂತೆ ಮ್ಯಾಪ್ ಮಾಡಬೇಡಿ.

## ಹಂತ 11: ಬೋರ್ಡ್ ಮೇಲೆ ಇಳಿಸುವುದು

"ಲ್ಯಾಪ್‌ಟಾಪ್‌ನ್ಯಾಗ ಓಡತೈತಿ, ಬೋರ್ಡ್ ಮ್ಯಾಲೆ ಓಡವಲ್ದು" ಅನ್ನುವ ಮಾತು ಶುರುವಾಗುವುದು ಇಲ್ಲಿ. 'ವರ್ಟ್' ಮಷೀನ್ ನಾಲ್ಕು ತಪ್ಪುಗಳನ್ನು ಮುಚ್ಚಿಟ್ಟಿರುತ್ತದೆ. ಇವನ್ನು ಕಂಡುಕೊಳ್ಳಲು ನನಗೇ ಬಹಳ ದಿನ ಹಿಡಿಯಿತು. ಅದಕ್ಕೇ ಬಿಡಿಸಿ ಹೇಳುತ್ತೇನೆ.

ಮೊದಲನೆಯದು ಕೂಡುವ ಕಳೆಯುವ ಲೆಕ್ಕ. 'ವರ್ಟ್'ನಲ್ಲಿ ವರ್ಚುವಲ್‌ಗೂ ಫಿಸಿಕಲ್‌ಗೂ ವ್ಯತ್ಯಾಸ 80000000. ಇದು 32 ಬಿಟ್‌ನ ಸರಿಯಾಗಿ ಅರ್ಧ. ಸಿ0100000ದಿಂದ ಕಳೆದರೂ 40100000, ಕೂಡಿದರೂ ಸುತ್ತಿಕೊಂಡು 40100000! ಕಳೆಯುವ ಕಡೆ ಕೂಡಿದ್ದರೂ ಗೊತ್ತಾಗುವುದಿಲ್ಲ. ಬೀಗಲ್‌ಬೋನ್ ಬ್ಲ್ಯಾಕ್‌ನಲ್ಲಿ ರ್‍ಯಾಮ್ 80000000ದಿಂದ ಶುರು, ವ್ಯತ್ಯಾಸ 40000000. ಅಲ್ಲಿ ತಪ್ಪು ಚಿಹ್ನೆ ನೇರ ಬೇರೆ ಜಾಗಕ್ಕೆ ಒಯ್ಯುತ್ತದೆ. ಈ ಲೆಕ್ಕ ಎರಡೇ ಫಂಕ್ಷನ್‌ನಲ್ಲಿರಲಿ, ಕೋಡ್ ತುಂಬ ಚೆಲ್ಲಬೇಡಿ.

ಎರಡನೆಯದು ಐಡೆಂಟಿಟಿ ಮ್ಯಾಪಿಂಗ್. ಬೋರ್ಡ್‌ನಲ್ಲಿ ಅದು 80000000ದ ಮೇಲೆ, ಅಂದರೆ ಕರ್ನೆಲ್‌ನ ಅರ್ಧದಲ್ಲೇ ಬೀಳುತ್ತದೆ. ಟಿಟಿಬಿಆರ್0 ಖಾಲಿ ಮಾಡಿದರೆ ಅದು ಹೋಗುವುದಿಲ್ಲ. ಕರ್ನೆಲ್ ಟೇಬಲ್‌ನಲ್ಲಿ ಆ ಎಂಟ್ರಿಯನ್ನು ಕೈಯಾರೆ ಸೊನ್ನೆ ಮಾಡಿ ಟಿಎಲ್‌ಬಿ ಒರೆಸಬೇಕು.

ಮೂರನೆಯದು ಯುಆರ್ಟ್. ಬೋರ್ಡ್‌ನಲ್ಲಿ ಅದು 44ಇ09000ದಲ್ಲಿದೆ. ಸೆಕ್ಷನ್ ಶುರುವಾಗುವುದು 44ಇ00000ದಿಂದ. ಹಾಗಾಗಿ ಎಫ್0000000ಕ್ಕೆ 9000 ಕೂಡಬೇಕು. 'ವರ್ಟ್'ನಲ್ಲಿ ಈ ಹೆಚ್ಚಿನ ಭಾಗ ಸೊನ್ನೆ, ಅದಕ್ಕೇ ಕೂಡುವುದು ಮರೆತಿದ್ದರೂ ಓಡುತ್ತಿತ್ತು. ಯುಆರ್ಟ್‌ನ ಜಾತಿಯೂ ಬೇರೆ. ಅಲ್ಲಿ ಪಿಎಲ್011, ಇಲ್ಲಿ 16550 ಬಗೆಯದು. ಡ್ರೈವರ್ ಬದಲಿಸಿ.

ನಾಲ್ಕನೆಯದು ಎಲ್ಲಕ್ಕಿಂತ ಕೆಟ್ಟದ್ದು. ಬೋರ್ಡ್‌ನಲ್ಲಿರುವ ಕಾರ್ಟೆಕ್ಸ್-ಎ8 ಪೇಜ್ ಟೇಬಲ್ ಓದುವಾಗ ಡೇಟಾ ಕ್ಯಾಶ್‌ನ ಮೊದಲ ಹಂತದೊಳಗೆ ನೋಡುವುದಿಲ್ಲ. ನೀವು ಬರೆದ ಎಂಟ್ರಿ ಕ್ಯಾಶ್‌ನಲ್ಲೇ ಉಳಿದಿದ್ದರೆ ಎಂಎಂಯುಗೆ ಹಳೆಯದೇ ಕಾಣುತ್ತದೆ. ಕ್ಯಾಶ್ ಆಫ್ ಇದ್ದಾಗ ಸರಿ, ಆನ್ ಮಾಡಿದರೆ ಕೋಡ್ 5 ಅಥವಾ 7ರ ಫಾಲ್ಟ್, ಜಿಡಿಬಿಯಲ್ಲಿ ಟೇಬಲ್ ನೋಡಿದರೆ ಎಂಟ್ರಿ ಸರಿಯಾಗೇ ಇದೆ: ಈ ಮೂರೂ ಒಟ್ಟಿಗೆ ಕಂಡರೆ ಬೇರೆಲ್ಲೂ ಹುಡುಕಬೇಡಿ. ಹಂತ 7ರ ಕ್ಲೀನ್ ಬಿಟ್ಟುಹೋಗಿದೆ. ಹೊಸ ಕೋರ್‌ಗಳಲ್ಲಿ ಇದು ಎಲ್ಲ ಕಡೆ ಬೇಕಾಗದಿರಬಹುದು, ಆದರೂ ಬರೆದಿಡಿ. ಖರ್ಚು ಬಹಳ ಸಣ್ಣದು.

ಬೋರ್ಡ್‌ನ 512 ಎಂಬಿಗೆ ಬಿಟ್‌ಮ್ಯಾಪ್ 16 ಕೆಬಿ ಆಗುತ್ತದೆ. ರ್‍ಯಾಮ್‌ನ ಮ್ಯಾಪಿಂಗ್ 3072ರಿಂದ 3583ರ ತನಕ ಹೋಗುತ್ತದೆ, ಡಿಎಂಎ ಎಂಟ್ರಿ 3583 ಆಗುತ್ತದೆ. ಡಿವೈಸ್ ಜಾಗಕ್ಕೆ ತಾಗುವುದಿಲ್ಲ.

## ಹಂತ 12: ರಾತ್ರಿಯಿಡೀ ಓಡಿಸಿ

ಒಂದು ಸಣ್ಣ ಪ್ರೋಗ್ರಾಮ್ ಶುರು ಮಾಡಿ, ಮುಗಿಸಿ, ಮತ್ತೆ ಶುರು ಮಾಡುವ ಲೂಪ್ ಬರೆಯಿರಿ. ಪ್ರತಿ ಸುತ್ತಿನ ಕೊನೆಗೆ ಖಾಲಿ ಪೇಜ್‌ಗಳ ಸಂಖ್ಯೆ ಪ್ರಿಂಟ್ ಆಗಲಿ. ಮಲಗುವ ಮುಂಚೆ ಹಚ್ಚಿ, ಬೆಳಿಗ್ಗೆ ಚಹಾ ಹೊತ್ತಿಗೆ ನೋಡಿ. ಸಂಖ್ಯೆ ಹಾಗೇ ಇರಬೇಕು.

ಸುತ್ತಿಗೆ ಒಂದೊಂದೇ ಪೇಜ್ ಕಮ್ಮಿಯಾಗುತ್ತಿದ್ದರೆ ಎರಡನೇ ಹಂತದ ಟೇಬಲ್ ವಾಪಸ್ ಕೊಡುವುದು ಮರೆತಿದ್ದೀರಿ. ಎರಡೆರಡು ಕಮ್ಮಿಯಾದರೆ 8 ಕೆಬಿಯ ಮೊದಲ ಟೇಬಲ್. ಸಂಖ್ಯೆ ಜಾಸ್ತಿಯಾಗುತ್ತಿದ್ದರೆ ಅದು ಇನ್ನೂ ಅಪಾಯ: ಒಂದೇ ಪೇಜ್ ಎರಡು ಸಲ ವಾಪಸ್ ಬರುತ್ತಿದೆ, ನಾಳೆ ಅದೇ ಪೇಜ್ ಇಬ್ಬರ ಕೈಗೆ ಹೋಗುತ್ತದೆ. ಪೇಜ್ ವಾಪಸ್ ತೆಗೆದುಕೊಳ್ಳುವ ಫಂಕ್ಷನ್‌ನಲ್ಲಿ 'ಈ ಬಿಟ್ ಈಗಾಗಲೇ ಖಾಲಿಯೇ?' ಅನ್ನುವ ಒಂದು ಪರೀಕ್ಷೆ ಹಾಕಿ, ಹೌದಾದರೆ ಅಲ್ಲೇ ನಿಲ್ಲಿಸಿ ಪಿಸಿ ಪ್ರಿಂಟ್ ಮಾಡಿಸಿ.